ಗುಂಡಿ ಒಂದೇ ಬಾಕಿ

ನನ್ನ ಗಂಡ ದರ್ಜಿ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ಅಪ್ಪಟ ನಿಜ ಹೇಳಿದ್ದು ಅಳತೆಯ ವಿಷಯದಲ್ಲಿ ಮಾತ್ರ. ಗಿರಾಕಿ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು ನಿಂತರೆ, "ಉಸಿರು ಬಿಡಿ ಸಾರ್, ಪ್ಯಾಂಟ್ ಹಾಕ್ಕೊಂಡ್ಮೇಲೆ ಹೇಗಿದ್ರೂ ಬಿಡ್ಲೇಬೇಕಲ್ಲ" ಎಂದು ಕಾದು ನಿಂತು, ಇದ್ದ ಸೊಂಟವನ್ನು ಇದ್ದ ಹಾಗೆಯೇ ಪುಸ್ತಕದಲ್ಲಿ ಬರೆಯುತ್ತಿದ್ದರು. ಊರಿನ ದೊಡ್ಡ ಮನುಷ್ಯರ ನಿಜವಾದ ಹೊಟ್ಟೆ ಎಷ್ಟೆಂದು ಗೊತ್ತಿದ್ದದ್ದು ಇಬ್ಬರಿಗೇ, ಅವರ ಡಾಕ್ಟರಿಗೆ ಮತ್ತು ನಮ್ಮ ಯಜಮಾನರಿಗೆ.

ಆದರೆ ತಾರೀಕಿನ ವಿಷಯ ಬರಲಿ, ಅಂಥ ಸುಳ್ಳುಗಾರ ಇನ್ನೊಬ್ಬರಿಲ್ಲ. ಶುಕ್ರವಾರ ಕೊಡುತ್ತೇನೆಂದ ಬಟ್ಟೆಗೆ ಶುಕ್ರವಾರ ಬೆಳಿಗ್ಗೆ ಇನ್ನೂ ಕತ್ತರಿಯೇ ತಾಗಿರುತ್ತಿರಲಿಲ್ಲ. ಗಿರಾಕಿ ಮೆಟ್ಟಿಲು ಹತ್ತುವ ಸದ್ದು ಕೇಳಿದ ಕೂಡಲೇ ಯಾರದ್ದೋ ಬಟ್ಟೆ ತೊಡೆಯ ಮೇಲೆ ಎಳೆದುಕೊಂಡು, "ಬನ್ನಿ ಸಾರ್, ಎಲ್ಲಾ ಆಯ್ತು, ಗುಂಡಿ ಒಂದೇ ಬಾಕಿ" ಅನ್ನುವುದು. ಆ ಗುಂಡಿ ಹಾಕುವವಳು ಯಾರು? ನಾನು. ಕಾಜಾ, ಗುಂಡಿ, ಹುಕ್ಕು, ಕೈಹೊಲಿಗೆ ಎಲ್ಲ ನನ್ನ ಪಾಲಿನ ಕೆಲಸ. ಹಾಗಾಗಿ ಗಿರಾಕಿ ನನ್ನನ್ನು ದುರುಗುಟ್ಟಿ ನೋಡಿ ಹೋಗುತ್ತಿದ್ದ. ಊರಿಗೆಲ್ಲ ನಾನು ಸೋಮಾರಿ, ಅವರು ಪಾಪ, ಮಹಾ ಕೆಲಸಗಾರ.

ಈ ಮಾತಿಗೆ ಅತಿ ಹೆಚ್ಚು ಬಲಿಯಾದವರು ನಮ್ಮ ಅತ್ತಿಗೆ, ಎಂದರೆ ಇವರ ಸ್ವಂತ ಅಕ್ಕ. ಪಕ್ಕದ ಬೀದಿಯಲ್ಲೇ ಮನೆ. ತಮ್ಮನೇ ದರ್ಜಿ ಎಂಬ ಧೈರ್ಯದಲ್ಲಿ ಮಗನ ಮದುವೆಗೆ ರವಿಕೆ ಹೊಲಿಯಲು ಕೊಟ್ಟು, ಮೂರು ವಾರ "ಗುಂಡಿ ಒಂದೇ ಬಾಕಿ ಅಕ್ಕಾ" ಕೇಳಿ ಕೇಳಿ, ಕೊನೆಗೆ ಹಳೆಯ ರವಿಕೆಯಲ್ಲೇ ಮದುವೆ ಮುಗಿಸಿದರು. ಆ ರವಿಕೆ ಮೊಮ್ಮಗನ ನಾಮಕರಣಕ್ಕೆ ಸಿದ್ಧವಾಯಿತು.

ಹೀಗೆ ಸುಳ್ಳಿನ ಮೇಲೆ ಸುಖವಾಗಿ ನಡೆಯುತ್ತಿದ್ದ ಅಂಗಡಿಗೆ ಸಿದ್ಧ ಉಡುಪಿನ ಕಾಲ ಬಂದು ಹೊಡೆತ ಕೊಟ್ಟಿತು. ಮಗಳ ಮದುವೆ ಮುಗಿದು ಅವಳು ಅವಳ ಮನೆಗೆ ಹೋಗಿದ್ದಳು. ಎರಡು ಮಿಷಿನ್ನಿನಲ್ಲಿ ಒಂದು ಸುಮ್ಮನೆ ಕೂತಿತ್ತು. ಆಗ ಹಳೆಯ ಗಿರಾಕಿಯೊಬ್ಬ ವಿದೇಶದಿಂದ ರಜೆಗೆ ಬಂದವನು, ಅಲ್ಲಿಯ ದೊಡ್ಡ ಪಟ್ಟಣದಲ್ಲಿ ಬಟ್ಟೆ ಸರಿಮಾಡಿಕೊಡುವ ಅಂಗಡಿಯೊಂದಿದೆ, ಒಳ್ಳೆಯ ಕೈ ಸಿಗದೆ ಅದರ ಯಜಮಾನಿ ಒದ್ದಾಡುತ್ತಿದ್ದಾಳೆ ಎಂದ. ಇವರ ತಲೆಗೆ ಹುಳ ಹೊಕ್ಕಿತು. ಐವತ್ತು ತುಂಬುತ್ತಿದ್ದ ಗಂಡಸು ಕನ್ನಡಿ ಮುಂದೆ ನಿಂತು ಕೂದಲಿಗೆ ಬಣ್ಣ ಹಚ್ಚಿಕೊಂಡರು.

"ಮೊದಲು ನಾನು ಹೋಗ್ತೀನಿ. ಮನೆ ಮಾಡಿ ನಿನ್ನ ಕರೆಸ್ಕೊತೀನಿ. ಆರೇ ತಿಂಗಳು" ಅಂದರು.

ಆರು ತಿಂಗಳು ಅಂದಾಗಲೇ ನನಗೆ ಗೊತ್ತಾಗಬೇಕಿತ್ತು. ಅದು ತಾರೀಕು, ಅಳತೆಯಲ್ಲ.

ಹೊರಡುವ ದಿನ ತಮ್ಮ ಕತ್ತರಿಯನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಂಡರು. ವಿಮಾನ ನಿಲ್ದಾಣದಲ್ಲಿ ಚೀಲ ತಡೆದು, ಒಳಗಿರುವುದು ಸಣ್ಣ ಕತ್ತರಿಯೇ ಎಂದು ಕೇಳಿದರಂತೆ. ಹೌದು ಅಂದಿದ್ದರೆ ಬಿಡುತ್ತಿದ್ದರೋ ಏನೋ. ನಮ್ಮ ಸತ್ಯವಂತರು ಎದೆಯುಬ್ಬಿಸಿ, "ಹನ್ನೊಂದು ಇಂಚು" ಅಂದರು. ಕತ್ತರಿ ಅಲ್ಲೇ ಉಳಿಯಿತು.

ಅವರು ಹೋಗಿ ವಾರಕ್ಕೆ ವಿಡಿಯೋ ಕರೆ ಬಂತು. ಅತ್ತಿಗೆ, ಅವರ ಸೊಸೆ, ಎದುರುಮನೆಯವರು, ಎಲ್ಲರೂ ನನ್ನ ಫೋನಿನ ಮೇಲೆ ಬಗ್ಗಿದ್ದರು. ಇವರು ಕೋಟು ಹಾಕಿ ಕುಳಿತಿದ್ದರು. ಹಿಂದೆ ಕನ್ನಡಿ, ಪಕ್ಕದಲ್ಲಿ ಕನ್ನಡಿ, ತಲೆಯ ಮೇಲೆ ಸಿನಿಮಾದವರಿಗೆ ಬಿಡುವಂಥ ಬೆಳಕು.

"ಮನೆ ಹೇಗಿದೆಯೋ?" ಎಂದು ಅತ್ತಿಗೆ ಕೇಳಿದರು.

"ಊರಿನ ನಟ್ಟನಡುವೆ ಇದೆ ಅಕ್ಕಾ. ಕೆಲಸಕ್ಕೆ ಹೋಗೋಕೆ ಬಸ್ಸೂ ಬೇಡ, ಏನೂ ಬೇಡ. ನೆಲಕ್ಕೆಲ್ಲ ರತ್ನಗಂಬಳಿ. ಮೂರು ಕಡೆ ಆಳೆತ್ತರದ ಕನ್ನಡಿ. ನೂರ ಎಂಟು ಉದ್ದ, ಎಪ್ಪತ್ತೆರಡು ಅಗಲ."

"ನೂರ ಎಂಟಾ!" ಎಂದು ಅತ್ತಿಗೆ ಮೂಗಿನ ಮೇಲೆ ಬೆರಳಿಟ್ಟರು. ಎದುರುಮನೆಯವರ ಹೊಟ್ಟೆ ಉರಿದದ್ದು ನನಗೇ ಕಾಣಿಸಿತು. ಅವರದ್ದು ಮೂವತ್ತು ನಲವತ್ತರ ಸೈಟು.

ದರ್ಜಿಯ ಹೆಂಡತಿಗೆ ನೂರ ಎಂಟು ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ದರ್ಜಿಯ ಬಾಯಲ್ಲಿ ಬರುವುದು ಇಂಚು. ಎರಡು ಜನರ ಮಂಚದ ಹಾಸು ಬಟ್ಟೆ ನೂರ ಎಂಟು ಉದ್ದ, ತೊಂಬತ್ತು ಅಗಲ ಇರುತ್ತದೆ. ನನ್ನ ಗಂಡನ ಅರಮನೆ ಒಂದು ದುಪ್ಪಟಿಗಿಂತ ಚಿಕ್ಕದು. ಜೊತೆಗೆ ಮೂರು ಕಡೆ ಕನ್ನಡಿ ಇರುವ ಜಾಗ ಬಟ್ಟೆ ಅಂಗಡಿಯಲ್ಲಿ ಯಾವುದು ಎಂದು ಊಹಿಸಲು ದೊಡ್ಡ ಪಂಡಿತೆ ಆಗಬೇಕಿಲ್ಲ. ಮನುಷ್ಯ ಟ್ರಯಲ್ ರೂಮಿನಲ್ಲಿ ಮಲಗುತ್ತಿದ್ದಾನೆ!

ಎಲ್ಲರೂ ಹೋದ ಮೇಲೆ ನಾನೇ ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಅತ್ತಿಗೆ ಆಗಲೇ ಬೀದಿಯೆಲ್ಲ "ನಮ್ಮ ತಮ್ಮನ ಮನೆ ನೂರ ಎಂಟು" ಎಂದು ಕೊಚ್ಚಿಕೊಂಡು ಬಂದಿದ್ದರು. ಗಂಡನ ಮರ್ಯಾದೆ ಕಾಪಾಡುವ ಭಾರ ಹೆಂಡತಿಯದಂತೆ. ಕಾಪಾಡಿದೆ. ಹಲ್ಲು ಕಚ್ಚಿಕೊಂಡು ಕಾಪಾಡಿದೆ.

ಆರು ತಿಂಗಳಾಯಿತು. "ಎಲ್ಲಾ ಆಗಿದೆ ಕಣೇ, ಒಂದು ಫಾರಂ ಅಷ್ಟೇ. ಗುಂಡಿ ಒಂದೇ ಬಾಕಿ ಅಂದ್ಕೋ" ಅಂದರು. ವರ್ಷವಾಯಿತು, ಗುಂಡಿ ಒಂದೇ ಬಾಕಿ. ಎರಡಾಯಿತು. ಇಪ್ಪತ್ತು ವರ್ಷ ಪಕ್ಕದಲ್ಲಿ ಕುಳಿತು ಗಿರಾಕಿಗಳು ಮಂಗಗಳಾಗುವುದನ್ನು ನೋಡಿ ಒಳಗೊಳಗೇ ನಗುತ್ತಿದ್ದವಳು, ಈಗ ನಾನೇ ಬಾಗಿಲಲ್ಲಿ ನಿಂತ ಗಿರಾಕಿಯಾಗಿದ್ದೆ. ರಸೀದಿ ಕೂಡ ಇರಲಿಲ್ಲ ಕೈಯಲ್ಲಿ.

ನಾಲ್ಕನೆಯ ವರ್ಷ ಒಂದು ಪಾರ್ಸೆಲ್ಲು ಬಂತು. ಬಿಚ್ಚಿದರೆ ನನಗೊಂದು ಕೋಟು. ಕಡುನೀಲಿ ಉಣ್ಣೆ, ಮೊಣಕಾಲಿನವರೆಗೆ, ಕಣ್ಣಿಗೊತ್ತಿಕೊಳ್ಳುವಂಥ ಹೊಲಿಗೆ. ಆ ಊರಿನ ಚಳಿಗೆ ಬೇಕಾದದ್ದು. ಹಾಕಿಕೊಂಡೆ. ಭುಜ ಸರಿ, ತೋಳು ಸರಿ. ಮುಂದೆ ಎಳೆದರೆ ಎರಡು ಅಂಚುಗಳ ನಡುವೆ ಮೂರು ಇಂಚು ಅಂತರ! ಗಂಡ ದೂರ ಹೋದರೆ ಹೆಂಡತಿ ಕೊರಗಿ ಕಡ್ಡಿಯಾಗಬೇಕು ಅಂತ ಎಲ್ಲರ ಲೆಕ್ಕ. ನಾನು ಒಬ್ಬಳೇ ಅಡುಗೆ ಮಾಡಿಕೊಂಡು, ಇಬ್ಬರಿಗೆ ಮಾಡಿದ್ದನ್ನು ಚೆಲ್ಲಲು ಮನಸ್ಸಾಗದೆ ತಿಂದು ತಿಂದು ದಪ್ಪಗಾಗಿದ್ದೆ. ಅವರು ಹೊಲಿದದ್ದು ನಾಲ್ಕು ವರ್ಷದ ಹಿಂದಿನ ಹೆಂಡತಿಗೆ. ಜೀವಮಾನದಲ್ಲಿ ಮೊದಲ ಸಲ ಅವರ ಅಳತೆ ತಪ್ಪಿತ್ತು.

ಕೋಟಿನ ಒಳಗೆ ತಿರುಗಿಸಿ ನೋಡಿದೆ. ಮನೆಯವರ ಬಟ್ಟೆಗೆ ಅವರು ಯಾವಾಗಲೂ ಹೊಲಿಗೆಯ ಒಳಗಡೆ ಒಂದಿಷ್ಟು ಬಟ್ಟೆ ಮಡಚಿ ಬಿಡುತ್ತಾರೆ, ಮುಂದೆ ಬೇಕಾದರೆ ಬಿಚ್ಚಿ ಸಡಿಲ ಮಾಡಲೆಂದು. ಎರಡೂ ಪಕ್ಕ ಎರಡೆರಡು ಇಂಚು ಬಿಟ್ಟಿದ್ದರು. ಇನ್ನೂ ಒಂದು ವಿಷಯ. ಮುಂಭಾಗದಲ್ಲಿ ಕಾಜಾ ಇರಲಿಲ್ಲ, ಗುಂಡಿಯೂ ಇರಲಿಲ್ಲ. ಐದು ಕಡೆ ಸೀಮೆಸುಣ್ಣದ ಗುರುತು ಮಾತ್ರ.

ಫೋನು ಮಾಡಿ ಉಗಿದೆ. "ಏನ್ರೀ ಇದು, ಅಲ್ಲಿಂದ ಕಳಿಸೋ ಕೋಟಿಗೂ ಗುಂಡಿ ಬಾಕಿನಾ? ನಾಚಿಕೆ ಆಗಲ್ವಾ ನಿಮಗೆ?"

"ಗುಂಡಿ ನಿನ್ನ ಕೆಲಸ ಅಲ್ವೇನೇ" ಅಂದರು.

ನನಗೆ ಅಳು ಬಂತು. ಬರಬಾರದಿತ್ತು, ಬಂತು. ಮೂಗೊರೆಸಿಕೊಂಡು, "ನಿಮ್ಮ ಫಾರಂ ಮನೆ ಹಾಳಾಗ. ಪ್ರವಾಸಿ ವೀಸಾ ಕೊಡ್ತಾರಂತಲ್ಲ, ಮೂರು ತಿಂಗಳಿಗೆ, ಅದನ್ನ ಮಾಡ್ಸಿ. ಗುಂಡಿ ಹಾಕ್ಕೊಂಡೇ ಬರ್ತೀನಿ" ಅಂದೆ. ಪಕ್ಕ ಬಿಚ್ಚಿ ಸಡಿಲ ಮಾಡಿ, ಐದು ಕಾಜಾ ಕೈಯಲ್ಲೇ ಕಟ್ಟಿದೆ. ಅಂಗಡಿಗೆ, ಮನೆಗೆ ಬೀಗ ಹಾಕಿ ಕೀಲಿಯನ್ನು ಅತ್ತಿಗೆಯ ಕೈಗೆ ಕೊಟ್ಟೆ.

"ಅಷ್ಟು ದೊಡ್ಡ ಮನೆ ಗುಡಿಸಿ ಒರೆಸೋದು ನಿನಗೊಬ್ಬಳಿಗೇ ಆಗುತ್ತೇನಮ್ಮ?" ಎಂದು ಅತ್ತಿಗೆ ಕನಿಕರಪಟ್ಟರು.

ವಿಮಾನ ಇಳಿದಾಗ ಅವರು ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಬಂದು ನಿಂತಿದ್ದರು. ಕೂದಲಿನ ಬಣ್ಣ ಹೋಗಿತ್ತು. ಸೊರಗಿದ್ದರು. ಕೊರಗಿ ಕಡ್ಡಿಯಾಗುವ ಕೆಲಸ ಅವರೇ ವಹಿಸಿಕೊಂಡಿದ್ದರೆಂದು ಕಾಣುತ್ತದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೂವತ್ತೇಳೂವರೆ ಆಗಿದ್ದೀಯ" ಅಂದರು. ನಾಲ್ಕು ವರ್ಷದ ನಂತರ ಗಂಡನ ಬಾಯಿಂದ ಬಂದ ಮೊದಲ ಪ್ರೀತಿಯ ಮಾತು.

ಆ ಪಟ್ಟಣವನ್ನು ಏನೆಂದು ಬಣ್ಣಿಸಲಿ! ಗಗನಕ್ಕೆ ಮುಟ್ಟುವ ಕಟ್ಟಡಗಳು, ಸಾಲು ಸಾಲು ಗಾಜಿನ ಕಿಟಕಿ, ಹೆಚ್ಚಿನದರಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಕೊಂಡವರು ಬೇರೆಲ್ಲೋ ಇರುತ್ತಾರಂತೆ, ಬೆಲೆ ಏರಲಿ ಎಂದು ಬೀಗ ಹಾಕಿ ಇಟ್ಟಿರುತ್ತಾರಂತೆ. ಅಲ್ಲೇ ಕೆಲಸ ಮಾಡುವವರು ಮಾತ್ರ ಎರಡು ರೈಲು ಬದಲಾಯಿಸಿ ಊರಾಚೆಯಿಂದ ಬರುತ್ತಾರೆ. ಬಾಡಿಗೆ ಎಷ್ಟು ಎಂದು ಕೇಳಿದೆ. ಹೇಳಿದರು. ಇನ್ನೊಮ್ಮೆ ಕೇಳಲಿಲ್ಲ.

ಅಂಗಡಿ ಚಪ್ಪಲಿ ರಿಪೇರಿಯವನಿಗೂ ಹೂವಿನವಳಿಗೂ ನಡುವೆ ಸಿಕ್ಕಿಕೊಂಡಿತ್ತು. ಮುಂದೆ ಗಾಜಿನ ಬಾಗಿಲು, ಆಮೇಲೆ ಗಲ್ಲಾ ಮೇಜು, ಚೀಟಿ ಅಂಟಿಸಿದ ಕೋಟುಗಳ ಸಾಲು, ಎರಡು ಮಿಷಿನ್ನು, ಹಬೆ ಉಗುಳುವ ಇಸ್ತ್ರಿ. ಕೊನೆಯಲ್ಲಿ ದಪ್ಪ ಹಸಿರು ಪರದೆ. ಪರದೆ ಸರಿಸಿದರೆ ಅರಮನೆ. ಮೂರು ಕನ್ನಡಿ, ಗಿರಾಕಿ ಹತ್ತಿ ನಿಲ್ಲಲು ಒಂದು ಮರದ ಮಣೆ, ಆ ಮಣೆಯ ಕೆಳಗೆ ಸುರುಳಿ ಸುತ್ತಿದ ಹಾಸಿಗೆ.

"ನೂರ ಎಂಟು, ಎಪ್ಪತ್ತೆರಡು" ಅಂದರು, ನೆಲ ನೋಡುತ್ತಾ. "ನಿನಗೆ ಅವತ್ತೇ ಗೊತ್ತಾಗಿರುತ್ತೆ ಅಂದ್ಕೊಂಡಿದ್ದೆ."

"ಗೊತ್ತಾಯ್ತು. ಒಬ್ರೇ ಇಲ್ಲಿ ಹೇಗ್ರೀ ಊಟ ಮಾಡ್ತಿದ್ರಿ?"

"ಒಬ್ನೇ ಎಲ್ಲಿ?" ಎಂದು ಕನ್ನಡಿಗಳ ಕಡೆ ಕೈ ತೋರಿಸಿದರು. "ನಾಲ್ಕು ಜನ ಇದ್ವಲ್ಲ."

ಬಯ್ಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತುಗಳೆಲ್ಲ ಅಲ್ಲಿಗೆ ಮರೆತುಹೋದವು. ನಾನು ಮಣೆಯ ಮೇಲೆ ಕುಳಿತು ನೀರು ಕೇಳಿದೆ.

ಮಾರನೆಯ ದಿನದಿಂದ ನಮ್ಮ ರಾಜಭೋಗ ಶುರುವಾಯಿತು. ಒಂಬತ್ತಕ್ಕೆ ಬಾಗಿಲು ತೆರೆಯುವ ಮೊದಲು ಹಾಸಿಗೆ, ತಟ್ಟೆ, ಲೋಟ, ನನ್ನ ಸೀರೆಗಳು, ಎಲ್ಲವೂ ಮಣೆಯ ಕೆಳಗೆ ಮಾಯವಾಗಬೇಕು. ದಿನಕ್ಕೆ ಇಪ್ಪತ್ತು ಜನ ಗಂಡಸರು ನನ್ನ ಮಲಗುವ ಕೋಣೆಗೆ ಬಂದು ಪ್ಯಾಂಟು ಬದಲಾಯಿಸಿಕೊಂಡು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಒಬ್ಬ ಬೇಗ ಬಂದುಬಿಟ್ಟ. ನಾನು ಒಳಗೆ ಚಹಾ ಕುಡಿಯುತ್ತಿದ್ದೆ. ಪರದೆ ಸರಿಸಿದವನಿಗೆ ಮೂರು ಕನ್ನಡಿಯಿಂದ ಮೂರು ಜನ ಹೆಂಗಸರು, ನಡುವೆ ಒಬ್ಬಳು, ನಾಲ್ವರೂ ಲೋಟ ಹಿಡಿದು ಕಣ್ಣು ಬಿಟ್ಟದ್ದು ಕಾಣಿಸಿತು. ಪಾಪ, ಕ್ಷಮೆ ಕೇಳಿಕೊಂಡು ಬೀದಿಗೇ ಓಡಿದ.

ನಮ್ಮ ಯಜಮಾನರ ಕೆಲಸ ನೋಡಿ ನನಗೆ ಹೊಟ್ಟೆ ಉರಿಯಿತು. ಇಡೀ ಸೂಟನ್ನು ಒಂದೇ ಕೈಯಲ್ಲಿ ಎಬ್ಬಿಸುತ್ತಿದ್ದ ಮನುಷ್ಯ ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಪ್ಯಾಂಟಿನ ಕಾಲು ಕತ್ತರಿಸುತ್ತಾರೆ. ಈ ಊರಿನ ಜನ ಉದ್ದದ ಪ್ಯಾಂಟು ಕೊಂಡು, ಆಮೇಲೆ ಗಿಡ್ಡ ಮಾಡಿಸಿಕೊಳ್ಳುತ್ತಾರೆ. ಕೊಳ್ಳುವಾಗಲೇ ಗಿಡ್ಡದ್ದು ಕೊಂಡರೆ ಯಾರಿಗೆ ನಷ್ಟ ಎಂದು ಕೇಳಿದೆ. "ನಮಗೆ" ಅಂದರು.

ಯಜಮಾನಿ ಅರುವತ್ತರ ಹೆಂಗಸು. ಕನ್ನಡಕಕ್ಕೆ ಸರಪಳಿ, ಬಾಯಿಗೆ ಬೀಗ. ನಾನು ಬಂದದ್ದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೂರನೆಯ ವಾರ ಮೊಳೆಗೆ ನೇತುಹಾಕಿದ್ದ ನನ್ನ ಕೋಟು ಅವಳ ಕಣ್ಣಿಗೆ ಬಿತ್ತು. ಕಾಜಾದ ಮೇಲೆ ಉಗುರಾಡಿಸಿದಳು, ಹಿಂದುಮುಂದು ತಿರುಗಿಸಿದಳು, ಬೆಳಕಿಗೆ ಹಿಡಿದಳು. ಇದು ಯಾವ ಯಂತ್ರದ್ದು ಎಂದು ಕೇಳಿದಳಂತೆ. ಇವರು ನನ್ನನ್ನು ತೋರಿಸಿದರು. ಮಾರನೆಯ ದಿನ ನನ್ನ ಮುಂದೆ ಮೂರು ಕೋಟು ಬಿದ್ದವು. ಊರಲ್ಲಿ ಸೋಮಾರಿ ಎಂದು ಬೈಸಿಕೊಳ್ಳುತ್ತಿದ್ದ ಕೈಗೆ ಈ ಊರಿನಲ್ಲಿ ಗಿರಾಕಿಗಳು ತಿಂಗಳುಗಟ್ಟಲೆ ಕಾಯುತ್ತಾರಂತೆ! ಅದುವರೆಗೆ ಅವಳು ಕೈ ಕಾಜಾಕ್ಕೆ ಬೇರೆ ಪಟ್ಟಣಕ್ಕೆ ಕೋಟು ಕಳಿಸುತ್ತಿದ್ದಳು.

ಆದರೆ ನನ್ನ ವೀಸಾ ಮೂರು ತಿಂಗಳದ್ದು. ಹತ್ತು ದಿನ ಉಳಿದಾಗ, "ಆ ಫಾರಂ ತೆಗೀರಿ, ಅದೇನು ಗುಂಡಿ ಬಾಕಿ ಇದೆಯೋ ನೋಡೇಬಿಡ್ತೀನಿ" ಎಂದು ಕುಳಿತೆ.

ಇಸ್ತ್ರಿ ಮೇಜಿನ ಕೆಳಗಿನಿಂದ ಫಾರಂ ತೆಗೆದರು. ಒಂದಲ್ಲ, ಮೂರು. ಎರಡರ ಮೇಲೆ ತಿರಸ್ಕರಿಸಿದ ಮುದ್ರೆ, ಮೂರನೆಯದು ಖಾಲಿ. ಹೆಂಡತಿಯನ್ನು ಕರೆಸಿಕೊಳ್ಳುವವನು ತಾನು ಇರುವ ಜಾಗದ ಅಳತೆ ಬರೆಯಬೇಕು. ಇಬ್ಬರಿಗೆ ಕನಿಷ್ಠ ನೂರ ಹತ್ತು ಚದರಡಿ. ನಮ್ಮ ಸತ್ಯವಂತರು ಎರಡು ಸಲವೂ ಐವತ್ತನಾಲ್ಕು ಎಂದು ದುಂಡಗೆ ಬರೆದು ಕಳಿಸಿದ್ದರು. ನಾಲ್ಕು ವರ್ಷದ ಗುಂಡಿ ಅದೇ.

ನನ್ನ ಪಿತ್ತ ನೆತ್ತಿಗೇರಿತು. "ಇಡೀ ಊರಿನ ಕಿವಿಗೆ ಹೂವು ಇಟ್ಟೋರು ನೀವು! ಸ್ವಂತ ಅಕ್ಕನ ರವಿಕೆ ವಿಷಯದಲ್ಲಿ ಸುಳ್ಳು ಹೇಳಿದ್ರಿ. ನನಗೋಸ್ಕರ ಒಂದು ಅಂಕಿ ಬದಲಾಯಿಸೋಕೆ ಆಗ್ಲಿಲ್ವಾ?"

"ತಾರೀಕು ಬೇರೆ, ಅಳತೆ ಬೇರೆ ಕಣೇ" ಅಂದರು. "ಪೆನ್ನು ಹಿಡಿದು ಕೂತಿದ್ದೆ. ಎರಡು ದಿನ ಕೂತಿದ್ದೆ. ಕೈ ಬರಲಿಲ್ಲ."

ಅದು ನಿಜವೆಂದು ನನಗೆ ಗೊತ್ತು. ಈ ಮನುಷ್ಯನ ಕೈ ಸುಳ್ಳು ಅಳತೆ ಬರೆಯುವುದಿಲ್ಲ. ನಾನು ಮತ್ತೆ ವಿಮಾನ ಹತ್ತಬೇಕು, ಅವರು ಮತ್ತೆ ಕನ್ನಡಿಗಳ ಜೊತೆ ಊಟಕ್ಕೆ ಕೂರಬೇಕು, ಅಷ್ಟೇ. ಸುಮ್ಮನೆ ಆ ಪರದೆಯನ್ನೇ ನೋಡುತ್ತಾ ಕುಳಿತೆ. ಆಮೇಲೆ ಕೇಳಿದೆ.

"ಎಲ್ಲಿಂದ ಎಲ್ಲಿಗೆ ಅಳತೆ ತಗೊಂಡ್ರಿ?"

"ಹಿಂದಿನ ಗೋಡೆಯಿಂದ ಪರದೆ ತನಕ."

"ಪರದೆ ಗೋಡೆನಾ?"

ಅವರು ಪರದೆಯ ಕಡೆ ತಿರುಗಿದರು.

"ಪ್ಯಾಂಟಿನ ಅಳತೆ ಮಂಡಿ ತನಕ ತಗೊಂಡು, ಇದು ಚಡ್ಡಿ ಅಂತ ಬರ್ಕೊತೀರೇನ್ರೀ? ಬಟ್ಟೆ ಎಲ್ಲಿಗೆ ಮುಗಿಯುತ್ತೋ ಅಲ್ಲಿ ತನಕ ತಾನೇ ಅಳೀಬೇಕು? ಏಳಿ, ಪಟ್ಟಿ ಹಿಡೀರಿ."

ಪರದೆ ಸರಿಸಿದೆ. ಅವರು ಹಿಂದಿನ ಕನ್ನಡಿಯ ಬುಡದಲ್ಲಿ ಪಟ್ಟಿಯ ತುದಿ ಒತ್ತಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದು ಬಗ್ಗಿ ನಡೆದೆ. ಅರುವತ್ತು ಇಂಚಿನ ಪಟ್ಟಿ ಮಿಷಿನ್ನು ದಾಟಿ, ಕೋಟುಗಳ ಕೆಳಗೆ ನುಸುಳಿ, ಗಲ್ಲಾ ಮೇಜಿನ ಪಕ್ಕದಲ್ಲಿ ಹಾದು ಮುಂದಿನ ಗಾಜು ಮುಟ್ಟುವಷ್ಟರಲ್ಲಿ ಸರಿಯಾಗಿ ನಾಲ್ಕು ಸಲ ಬಿದ್ದಿತ್ತು. ಇನ್ನೂರ ನಲವತ್ತು. ಅಗಲ ಅದೇ ಎಪ್ಪತ್ತೆರಡು, ಒಟ್ಟು ನೂರ ಇಪ್ಪತ್ತು ಚದರಡಿ. ಒಂದು ದಾರದಷ್ಟೂ ಸುಳ್ಳಿಲ್ಲ.

ಅವರು ಮೊಣಕಾಲೂರಿಕೊಂಡೇ ನಕ್ಕರು. ಅವರು ಹಾಗೆ ನಕ್ಕದ್ದು ನೋಡಿ ಎಷ್ಟು ವರ್ಷವಾಗಿತ್ತೋ.

ಯಜಮಾನಿಯ ಸಹಿ ಬೇಕಿತ್ತು. ಅಂಗಡಿಯಲ್ಲಿ ಕೆಲಸದವರು ಇರಬಹುದೆಂಬ ಹಳೆಯ ಪರವಾನಗಿ ಅವಳ ಬಳಿ ಇತ್ತು. ಫಾರಂ ಓದಿದಳು, ಪರದೆ ನೋಡಿದಳು, ನಾನು ಆಗಷ್ಟೇ ಮುಗಿಸಿದ ಕಾಜಾ ನೋಡಿದಳು. ಸಹಿ ಹಾಕಿ, ಪರದೆ ಗೋಡೆಯಲ್ಲ ಎಂದು ಎರಡು ಸಾಲು ಬೇರೆ ಬರೆದುಕೊಟ್ಟಳು. ಕಚೇರಿಯವನೊಬ್ಬ ಕೆಂಪು ಚುಕ್ಕಿ ಬಿಡುವ ಯಂತ್ರ ತಂದು ಅಳೆದ. ಇನ್ನೂರ ನಲವತ್ತೇ ಬಂತು, ಫಾರಂ ಒಪ್ಪಿಗೆಯಾಯಿತು. ಯಂತ್ರಕ್ಕೂ ನಮ್ಮವರಿಗೂ ವ್ಯತ್ಯಾಸವಿಲ್ಲವೆಂದು ತಿಳಿದು ಇವರು ವಾರವೆಲ್ಲ ಎದೆ ಸೆಟೆಸಿ ಓಡಾಡಿದರು.

ಅದಾಗಿ ಎರಡು ವರ್ಷ. ನಾವಿಬ್ಬರೂ ಒಂದೇ ಸೂರಿನ ಕೆಳಗಿದ್ದೇವೆ, ಒಂದೇ ತಟ್ಟೆಯಷ್ಟು ಜಾಗದಲ್ಲಿ. ಅವರು ಪಕ್ಕಕ್ಕೆ ತಿರುಗಿದರೆ ನಾನೂ ತಿರುಗಬೇಕು. ಊರಲ್ಲಿ ಮೂರು ಕೋಣೆ, ಹಿತ್ತಲು, ಅಂಗಡಿ ಬೀಗ ಹಾಕಿಕೊಂಡು ಕೂತಿವೆ. ವಾರಕ್ಕೊಮ್ಮೆ ಅತ್ತಿಗೆ ಹೋಗಿ ಗುಡಿಸಿ, ಕಿಟಕಿ ತೆರೆದು ಗಾಳಿಯಾಡಿಸಿ ಬರುತ್ತಾರೆ. ಬಾಗಿಲು ಮುಚ್ಚಿದ ಮನೆ ನೋಡಿ ನೋಡಿ ಅವರಿಗೂ ಬೇಸರ ಬಂದಿದೆ.

ಮೊನ್ನೆ ಬೆಳಿಗ್ಗೆ ಫೋನು ಮಾಡಿದರು. ನಾನು ಮಣೆಯ ಮೇಲೆ ಕುಳಿತು ಯಾರದ್ದೋ ಕೋಟಿಗೆ ಕಾಜಾ ಕಟ್ಟುತ್ತಿದ್ದೆ.

"ಮನೆ ಈಗ ಎಷ್ಟಾಯ್ತಮ್ಮ?"

"ಇನ್ನೂರ ನಲವತ್ತು, ಅತ್ತಿಗೆ" ಅಂದೆ. ನಾಲಿಗೆ ತಡವರಿಸಲಿಲ್ಲ.

"ಅಬ್ಬಾ! ಇರ್ಲಿ, ಚೆನ್ನಾಗಿರಿ. ನನಗೊಂದು ಕಣ್ಣಿನ ಆಪರೇಷನ್ ಆಯ್ತು, ಇನ್ನೊಂದೂ ಆಗ್ಬೇಕು. ಅಷ್ಟರೊಳಗೆ ನಿಮ್ಮ ಮುಖ ನೋಡಣ ಅಂತ ಆಸೆ. ಯಾವಾಗ ಬರ್ತೀರಾ ಹೇಳು? ನನ್ನ ತಮ್ಮನ್ನ ಕೇಳಲ್ಲ, ನಿನ್ನೇ ಕೇಳ್ತಿದೀನಿ. ನೀನು ನಿಜ ಹೇಳ್ತೀಯ."

ಪರದೆಯಾಚೆ ಮಿಷಿನ್ನಿನ ಸದ್ದು ನಿಂತಿತು. ಅವರು ಕಿವಿ ಕೊಟ್ಟಿದ್ದರು. ಯಜಮಾನಿ ರಜೆ ಕೊಡುವುದಿಲ್ಲ. ಕೊಟ್ಟರೆ ಈ ಜಾಗಕ್ಕೆ ಇನ್ನಿಬ್ಬರು ಕಾದಿದ್ದಾರೆ, ಬಿಟ್ಟು ಹೋದರೆ ಮತ್ತೆ ಫಾರಂ, ಮತ್ತೆ ಮುದ್ರೆ. ಇದನ್ನೆಲ್ಲ ಅತ್ತಿಗೆಗೆ ಎಲ್ಲಿಂದ ಹೇಳಲು ಶುರುಮಾಡಲಿ? ಮೂರು ಕನ್ನಡಿಯಲ್ಲೂ ಒಬ್ಬೊಬ್ಬ ಹೆಂಗಸು ಯಾರದ್ದೋ ಕೋಟನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಇನ್ನೇನು ಅತ್ತಿಗೆ, ಎಲ್ಲಾ ಆಯ್ತು" ಅಂದೆ. "ಗುಂಡಿ ಒಂದೇ ಬಾಕಿ."

ಅತ್ತಿಗೆ, "ಹಾಗಾದ್ರೆ ಸರಿಯಮ್ಮ. ಮನೆ ಗುಡಿಸ್ತಿರ್ತೀನಿ" ಎಂದು ಮೆಲ್ಲಗೆ ಹೇಳಿ ಫೋನು ಇಟ್ಟರು.

ಗಾಜಿನ ಬಾಗಿಲು ತೆರೆದ ಸದ್ದಾಯಿತು. ಗಿರಾಕಿಯೊಬ್ಬ ಪ್ಯಾಂಟು ಹಾಕಿ ನೋಡಲು ಬಂದಿದ್ದ. ನಾನು ಹೊರಗೆ ಇಣುಕುತ್ತಿದ್ದ ಹಾಸಿಗೆಯ ತುದಿಯನ್ನು ಕಾಲಿನಿಂದ ಮಣೆಯ ಕೆಳಗೆ ತಳ್ಳಿ, ಕಣ್ಣೊರೆಸಿಕೊಂಡು, ಎದ್ದು ಅವನಿಗೆ ಜಾಗ ಬಿಟ್ಟೆ.